ನಿಧಾನದ ಗದ್ದಲ

1970ರ ದಶಕದ ನಡುವಿನ ಮಾತು. ಅಮೆರಿಕದ ಬರ್ಕ್ಲಿಯಲ್ಲಿ ಭೌತವಿಜ್ಞಾನ ಓದುತ್ತಿದ್ದ ರಿಚರ್ಡ್ ವಾಸ್ ಎಂಬ ಸಂಶೋಧನಾ ವಿದ್ಯಾರ್ಥಿ ರೇಡಿಯೊ ಹಚ್ಚಿ, ಅದರಿಂದ ಬಂದದ್ದನ್ನೆಲ್ಲ ಅಳತೆಯ ಉಪಕರಣಕ್ಕೆ ಉಣಿಸುತ್ತಿದ್ದರು. ಹಾಡು ಚೆನ್ನಾಗಿದೆಯೋ ಇಲ್ಲವೋ ಅವರಿಗೆ ಬೇಕಿರಲಿಲ್ಲ. ದನಿ ಎಷ್ಟು ಹೊತ್ತಿಗೊಮ್ಮೆ ಜೋರಾಗುತ್ತದೆ, ಎಷ್ಟು ಹೊತ್ತಿಗೊಮ್ಮೆ ತಗ್ಗುತ್ತದೆ ಎಂಬ ಲೆಕ್ಕವಷ್ಟೇ ಬೇಕಿತ್ತು. ಶಾಸ್ತ್ರೀಯ ಸಂಗೀತದ ಕೇಂದ್ರ, ಜಾಝ್, ರಾಕ್, ಬರೀ ವಾರ್ತೆ ಮತ್ತು ಹರಟೆ, ಯಾವುದನ್ನು ಹಚ್ಚಿದರೂ ಉತ್ತರ ಒಂದೇ ಬಗೆಯದು. ಏರಿಳಿತ ನಿಧಾನವಾದಷ್ಟೂ ಅದರ ಬಲ ಹೆಚ್ಚು. ಕಂಪನಾಂಕ ಅರ್ಧಕ್ಕಿಳಿದರೆ ಬಲ ಎರಡರಷ್ಟು. 1975ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದೆ ಬರೆದ ಇನ್ನೊಂದು ಲೇಖನದಲ್ಲಿ ಜಪಾನಿನ ಸಾಂಪ್ರದಾಯಿಕ ಸಂಗೀತ, ರಷ್ಯಾದ ಹಳೆಯ ಜನಪದ ಗೀತೆಗಳ ಪಕ್ಕದಲ್ಲಿ ಭಾರತದ ರಾಗಗಳೂ ಇದೇ ಇಳಿಜಾರು ಗೆರೆಯ ಮೇಲೆ ಬಂದು ಕೂತಿದ್ದವು.

ವಾಸ್ ಅವರ ಗುರು ಜಾನ್ ಕ್ಲಾರ್ಕ್. ಅವರಿಗೆ ಸಂಗೀತ ದಾರಿಯ ಪಕ್ಕ ಸಿಕ್ಕ ಹೂವು. ನಿಜವಾದ ತಲೆನೋವು ಪ್ರಯೋಗಾಲಯದ ಮೇಜಿನ ಮೇಲಿತ್ತು. ಅತಿವಾಹಕ ಲೋಹದ ಪುಟ್ಟ ಉಂಗುರಗಳಿಂದ ಅತಿ ಕ್ಷೀಣ ಕಾಂತಕ್ಷೇತ್ರಗಳನ್ನು ಅಳೆಯುವ 'ಸ್ಕ್ವಿಡ್' ಎಂಬ ಉಪಕರಣಗಳಲ್ಲಿ, ರಾಗಗಳಲ್ಲಿ ಕಂಡ ಅದೇ ನಿಧಾನದ ಏರಿಳಿತ ಗದ್ದಲವಾಗಿ ಸೇರಿಕೊಂಡಿತ್ತು. ತಾಂತ್ರಿಕ ಭಾಷೆಯಲ್ಲಿ ಅದಕ್ಕೆ 1/ಎಫ್ ಗದ್ದಲವೆಂದು ಹೆಸರು. ಕಾಲು ಶತಮಾನ ಕಳೆದ ಮೇಲೆ ಕ್ವಾಂಟಂ ಕಂಪ್ಯೂಟರ್ ಕಟ್ಟಲು ಹೊರಟವರ ಕಾಲಿಗೆ ತೊಡರಿದ್ದೂ ಅದೇ.

ಅದರ ಜಾತಕ ತೆಗೆದರೆ ವಾಲ್ವ್ ರೇಡಿಯೊಗಳ ಕಾಲಕ್ಕೆ ಹೋಗಬೇಕು. ವಾಲ್ವಿನೊಳಗಿನ ವಿದ್ಯುತ್ತು ನಲ್ಲಿಯ ನೀರಿನಂತೆ ಎಡೆಬಿಡದೆ ಹರಿಯುವುದಿಲ್ಲ, ಹೆಂಚಿನ ಮೇಲೆ ಆಲಿಕಲ್ಲು ಬೀಳುವಂತೆ ಎಲೆಕ್ಟ್ರಾನುಗಳು ಒಂದೊಂದಾಗಿ ಬಂದು ಬೀಳುತ್ತವೆ, ಹಾಗಾಗಿ ಸದ್ದು ಇದ್ದೇ ತೀರುತ್ತದೆ ಎಂದು ಜರ್ಮನಿಯ ವಾಲ್ಟರ್ ಶಾಟ್ಕಿ 1918ರಲ್ಲಿ ಲೆಕ್ಕ ಕೊಟ್ಟಿದ್ದರು. ಆ ಸದ್ದು ಮಂದ್ರದಿಂದ ತಾರದವರೆಗೆ ಸಮನಾಗಿರಬೇಕಿತ್ತು. ಬೆಲ್ ಪ್ರಯೋಗಾಲಯದ ಜೆ. ಬಿ. ಜಾನ್ಸನ್ 1925ರಲ್ಲಿ ಅಳೆದು ನೋಡಿದರು. ಮೇಲಿನ ಕಂಪನಾಂಕಗಳಲ್ಲಿ ಲೆಕ್ಕ ಸರಿಹೋಯಿತು. ಕೆಳಗಿಳಿದ ಹಾಗೆಲ್ಲ ಸದ್ದು ಲೆಕ್ಕ ಮೀರಿ ಬೆಳೆಯಿತು. ಮರುವರ್ಷ ಶಾಟ್ಕಿಯವರೇ ಅದಕ್ಕೊಂದು ವಿವರಣೆ ಹುಡುಕಿದರು. ಕ್ಯಾಥೋಡಿನ ಮೇಲ್ಮೈಗೆ ಎಲ್ಲಿಂದಲೋ ಬಂದ ಪರಕೀಯ ಪರಮಾಣುಗಳು ಬಂದು ಕೂರುತ್ತವೆ, ಸ್ವಲ್ಪ ಹೊತ್ತಿದ್ದು ಎದ್ದು ಹೋಗುತ್ತವೆ, ಕೂತಷ್ಟು ಹೊತ್ತು ಎಲೆಕ್ಟ್ರಾನುಗಳ ಹರಿವು ಹೆಚ್ಚುಕಮ್ಮಿಯಾಗುತ್ತದೆ ಎಂದರು. ದೀಪ ಮಿಣುಕಿದಂತಿರುವ ಈ ಗದ್ದಲಕ್ಕೆ 'ಫ್ಲಿಕರ್' ಎಂಬ ಹೆಸರಾಯಿತು. ಕರೆಯದೆ ಬಂದು ಮೇಲ್ಮೈಯ ಮೇಲೆ ಕೂತ ಅತಿಥಿ ಎಂಬ ಈ ಊಹೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. 90 ವರ್ಷಗಳ ಮೇಲೆ ಅದು ಮತ್ತೆ ಎದುರಾಗಲಿದೆ.

ಆಮೇಲೆ ನೋಡಿದಲ್ಲೆಲ್ಲ ಇದೇ ಕಾಣಿಸತೊಡಗಿತು. ಇಂಗಾಲದ ರೆಸಿಸ್ಟರುಗಳಲ್ಲಿ, ಟ್ರಾನ್ಸಿಸ್ಟರುಗಳಲ್ಲಿ, ತೆಳು ಲೋಹದ ಪೊರೆಗಳಲ್ಲಿ, ಕೊನೆಗೆ ನೈಲ್ ನದಿಯ ಶತಮಾನಗಳ ನೀರಿನ ಮಟ್ಟದಲ್ಲೂ ಇದರ ಹೋಲಿಕೆ ಸಿಕ್ಕಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅರಿಂದಮ್ ಘೋಷ್ ಮತ್ತು ಸಂಗಡಿಗರು ಗ್ರಾಫೀನ್ ಹಾಳೆಗಳಲ್ಲಿ ಇದನ್ನೇ ಅಳೆದಿದ್ದಾರೆ. ಇಷ್ಟು ಕಡೆ ಕಂಡದ್ದಕ್ಕೆ ಒಂದೇ ಮೂಲ ಇರಬೇಕೆಂಬ ಆಸೆ ಯಾರಿಗಾದರೂ ಹುಟ್ಟುತ್ತದೆ. 1957ರಲ್ಲಿ ಆಲನ್ ಮ್ಯಾಕ್‌ವರ್ಟರ್ ಅರೆವಾಹಕದ ಮೇಲಿನ ಆಕ್ಸೈಡ್ ಪದರಕ್ಕೆ ಬೊಟ್ಟು ಮಾಡಿದರು: ಅಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬೀಳುವ ಗುಂಡಿಗಳಿವೆ, ಆಳವಾದ ಗುಂಡಿಯಿಂದ ಹೊರಬರಲು ಹೆಚ್ಚು ಹೊತ್ತು ಬೇಕು, ಬೇರೆ ಬೇರೆ ಆಳದ ಇಂಥ ಗುಂಡಿಗಳೆಲ್ಲ ಸೇರಿದರೆ 1/ಎಫ್ ತಾನಾಗಿ ಮೂಡುತ್ತದೆ. ಹಾಲೆಂಡಿನ ಹೂಖೆ 1969ರಲ್ಲಿ, ತಪ್ಪು ಮೇಲ್ಮೈಯದಲ್ಲ, ವಸ್ತುವಿನ ಒಡಲಿನದೇ ಎಂದು ಬೇರೊಂದು ಸೂತ್ರ ಕೊಟ್ಟರು. ಎರಡು ಪಕ್ಷಗಳ ಜಗ್ಗಾಟ ದಶಕಗಳ ಕಾಲ ನಡೆಯಿತು. 1987ರಲ್ಲಿ ಪೆರ್ ಬಾಕ್ ಮತ್ತು ಇಬ್ಬರು ಜೊತೆಗಾರರು ಮರಳಿನ ಗುಡ್ಡೆ ಜರಿಯುವ ಗಣಿತದಿಂದ ಎಲ್ಲ 1/ಎಫ್‌ಗೂ ಒಂದೇ ಕೀಲಿಕೈ ಸಿಕ್ಕಿತೆಂದು ಸಾರಿದರು. ಎರಡೇ ವರ್ಷಗಳಲ್ಲಿ ಇತರರು ಅದೇ ಗುಡ್ಡೆಯ ಲೆಕ್ಕ ಮಾಡಿ, ಬರುವ ಇಳಿಜಾರು 1/ಎಫ್‌ದೇ ಅಲ್ಲ ಎಂದು ತೋರಿಸಿದರು. ಎಲ್ಲಕ್ಕೂ ಒಂದೇ ಕಾರಣ ಎಂಬ ಕನಸನ್ನು ಬಿಟ್ಟುಕೊಟ್ಟದ್ದೇ ಒಳ್ಳೆಯದಾಯಿತೆಂದು ನನಗನ್ನಿಸುತ್ತದೆ. ಮುಂದಿನ ಪ್ರಗತಿಯೆಲ್ಲ ಆಯಾ ವಸ್ತುವಿನ ಆಯಾ ಕೊಳೆಯನ್ನು ಹುಡುಕಿದವರಿಂದಲೇ ಬಂತು.

ಅತ್ತ ಬರ್ಕ್ಲಿಯಲ್ಲಿ ಇನ್ನೊಂದು ಪ್ರಶ್ನೆ ತಲೆಯೆತ್ತಿತ್ತು. ಪರಮಾಣುವಿಗೆ ಅನ್ವಯಿಸುವ ಕ್ವಾಂಟಂ ನಿಯಮ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ವಿದ್ಯುತ್ ಮಂಡಲಕ್ಕೂ ಅನ್ವಯಿಸುತ್ತದೆಯೇ ಎಂದು ಬ್ರಿಟನ್ನಿನ ಆಂಥನಿ ಲೆಗೆಟ್ ಕೇಳಿದ್ದರು. ಜಾನ್ ಕ್ಲಾರ್ಕ್, ಫ್ರಾನ್ಸಿನಿಂದ ಬಂದಿದ್ದ ಮಿಶೆಲ್ ಡೆವೊರೆ, ವಿದ್ಯಾರ್ಥಿ ಜಾನ್ ಮಾರ್ಟಿನಿಸ್ ಮೂವರೂ 1984-85ರಲ್ಲಿ ಹೌದೆಂದು ತೋರಿಸಿದರು. ಎರಡು ಅತಿವಾಹಕಗಳ ನಡುವೆ ಆಕ್ಸೈಡಿನ ತೆಳು ಪದರವಿಟ್ಟ 'ಜೋಸೆಫ್ಸನ್ ಸಂಧಿ' ಪರಮಾಣುವಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಶಕ್ತಿಯನ್ನು ಹೀರುತ್ತಿತ್ತು, ತಡೆಗೋಡೆಯನ್ನು ಹಾರದೆ ತೂರಿ ಹೋಗುತ್ತಿತ್ತು. ಇದಕ್ಕಾಗಿ ಅವರು ಹೊರಗಿನ ಗದ್ದಲವನ್ನು ಹೆಬ್ಬಾಗಿಲಲ್ಲೇ ತಡೆಯಬೇಕಾಯಿತು. ಕೊಠಡಿಯ ಬಿಸಿ ತಂತಿಗಳ ಮೂಲಕ ಮೈಕ್ರೋವೇವ್ ಆಗಿ ನುಸುಳದಂತೆ, ತಂತಿಯನ್ನು ತಾಮ್ರದ ಪುಡಿ ತುಂಬಿದ ನಳಿಕೆಯೊಳಗಿಂದ ಹಾಯಿಸಿದರು. ಸರಳ ಉಪಾಯ, ಇವತ್ತಿಗೂ ಅನೇಕ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಆದರೆ ಅದು ವೇಗದ ಗದ್ದಲಕ್ಕಷ್ಟೇ ಮದ್ದು. ಮನೆಯೊಳಗೇ ಹುಟ್ಟುವ ನಿಧಾನದ ಗದ್ದಲವನ್ನು ಯಾವ ಬಾಗಿಲಲ್ಲಿ ತಡೆಯುವುದು?

ಮನೆಯೊಳಗೇ ಹುಟ್ಟುತ್ತದೆ ಎಂಬುದಕ್ಕೆ ಸಾಕ್ಷಿಯೂ ಅದೇ ಪ್ರಯೋಗಾಲಯದಿಂದ ಬಂತು. 1987ರಲ್ಲಿ ಫ್ರೆಡರಿಕ್ ವೆಲ್‌ಸ್ಟುಡ್, ಕ್ರಿಸ್ಟಿಯಾನ್ ಉರ್ಬಿನಾ ಮತ್ತು ಕ್ಲಾರ್ಕ್ ಹಲವು ಸ್ಕ್ವಿಡ್‌ಗಳನ್ನು 1 ಕೆಲ್ವಿನ್‌ಗಿಂತ ಕೆಳಗೆ ತಣಿಸಿ ಅಳೆದರು. ತಣ್ಣಗಾದರೆ ಎಲ್ಲವೂ ಸುಮ್ಮನಾಗುತ್ತದೆಂಬುದು ಸಾಮಾನ್ಯ ನಿರೀಕ್ಷೆ. ಗದ್ದಲ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತು, ಮುಂದೆ ಎಷ್ಟು ತಣಿಸಿದರೂ ಜಗ್ಗಲಿಲ್ಲ. ಹೊರಗಿನ ಕಾಂತಕ್ಷೇತ್ರ ಅಲುಗುತ್ತಿದ್ದರೆ ದೊಡ್ಡ ಉಂಗುರದಲ್ಲಿ ಹೆಚ್ಚು ಗದ್ದಲ, ಸಣ್ಣದರಲ್ಲಿ ಕಡಿಮೆ ಇರಬೇಕಿತ್ತು, ಹಾಗೂ ಇರಲಿಲ್ಲ. ಲೋಹ ಬದಲಿಸಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಕಾಂತೀಯ ಫ್ಲಕ್ಸಿನ ಅತಿ ಕಿರಿಯ ಮಾನವನ್ನು ದಶಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ಅಲುಗಾಟ, ಎಲ್ಲ ಸಾಧನಗಳಲ್ಲೂ ಹತ್ತಿರಹತ್ತಿರ ಅಷ್ಟೇ. ಕಾರಣ ಗೊತ್ತಿಲ್ಲ ಎಂದು ಬರೆದು ಲೇಖನ ಮುಗಿಸಿದರು. ಸ್ಕ್ವಿಡ್ ಮಾಡುವ ನಾಲ್ಕು ಜನರನ್ನು ಬಿಟ್ಟರೆ ಮುಂದಿನ ಹಲವು ವರ್ಷ ಅದನ್ನು ಯಾರೂ ತಲೆಗೆ ಹಚ್ಚಿಕೊಂಡಂತಿಲ್ಲ.

1994ರಲ್ಲಿ ಪೀಟರ್ ಶೋರ್, ದೊಡ್ಡ ಸಂಖ್ಯೆಗಳನ್ನು ಅಪವರ್ತನಗಳಾಗಿ ಒಡೆಯುವ ಕ್ವಾಂಟಂ ವಿಧಾನವನ್ನು ಕಾಗದದ ಮೇಲೆ ತೋರಿಸಿದರು. ಗುಪ್ತಲಿಪಿಗಳ ಬುಡಕ್ಕೇ ಕೈ ಹಾಕುವ ಲೆಕ್ಕ ಅದು. ಸಡಗರ ಶುರುವಾದಂತೆ ಸಂದೇಹವೂ ಶುರುವಾಯಿತು. ಫ್ರಾನ್ಸಿನ ಸೆರ್ಜ್ ಹರೋಷ್ ಮತ್ತು ಜಾನ್-ಮಿಶೆಲ್ ರೇಮೋನ್ 1996ರಲ್ಲಿ ಈ ಯಂತ್ರ ಕನಸೋ ದುಃಸ್ವಪ್ನವೋ ಎಂಬ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿ ಬರೆದರು. ಅವರ ತಕರಾರು ಡಿಕೋಹೆರೆನ್ಸ್ ಕುರಿತದ್ದು. ಕನ್ನಡದಲ್ಲಿ ಶ್ರುತಿ ತಪ್ಪುವುದು ಎನ್ನಬಹುದು. ಕ್ಯೂಬಿಟ್ ಎಂದರೆ 0 ಮತ್ತು 1 ಎರಡನ್ನೂ ಒಟ್ಟಿಗೆ ಹಿಡಿದಿರುವ ವಸ್ತು. ಹಿಡಿದಿರುವಾಗ ಎರಡರ ನಡುವೆ ಒಂದು ಮುಳ್ಳು ಗಡಿಯಾರದಂತೆ ಸುತ್ತುತ್ತಿರುತ್ತದೆ, ಸೆಕೆಂಡಿಗೆ ನೂರಾರು ಕೋಟಿ ಸುತ್ತು. ಲೆಕ್ಕವೆಲ್ಲ ನಿಂತಿರುವುದು ಆ ಮುಳ್ಳು ಎಲ್ಲಿದೆ ಎಂಬುದರ ಮೇಲೆ. ಕ್ಯೂಬಿಟ್ ಸಾಯುವ ಬಗೆ ಎರಡು: ಶಕ್ತಿ ಸೋರಿ 1 ಎಂಬುದು 0ಗೆ ಬಿದ್ದುಬಿಡಬಹುದು, ಅಥವಾ ಶಕ್ತಿಯೆಲ್ಲ ಇದ್ದೂ ಮುಳ್ಳಿನ ಜಾಗ ತಿಳಿಯದೆ ಹೋಗಬಹುದು.

ನಿಧಾನದ ಗದ್ದಲ ಕೊಲ್ಲುವುದು ಈ ಎರಡನೆಯ ಬಗೆಯಲ್ಲಿ. ಕಚೇರಿಯಲ್ಲಿ ತಂಬೂರಿಯ ತಂತಿ ಮೆಲ್ಲಗೆ ಸಡಿಲವಾದರೆ ಒಂದು ಕೀರ್ತನೆಯ ಮಟ್ಟಿಗೆ ಯಾರಿಗೂ ತಿಳಿಯುವುದಿಲ್ಲ, ಗಾಯಕರೂ ಅದರೊಂದಿಗೇ ಇಳಿದಿರುತ್ತಾರೆ. ಮೊದಲ ಕೀರ್ತನೆಯ ಷಡ್ಜವನ್ನೂ ಕೊನೆಯ ಮಂಗಳದ ಷಡ್ಜವನ್ನೂ ಪಕ್ಕದಲ್ಲಿಟ್ಟಾಗ ಗುಟ್ಟು ರಟ್ಟಾಗುತ್ತದೆ. ಕ್ಯೂಬಿಟ್‌ನಲ್ಲೂ ಹಾಗೆಯೇ. ಒಂದು ಸಲದ ಪ್ರಯೋಗ ಮುಗಿಯುವಷ್ಟರಲ್ಲಿ ಗದ್ದಲ ಬದಲಾಗಿಯೇ ಇರುವುದಿಲ್ಲ, ಮುಳ್ಳು ಒಂದೇ ವೇಗದಲ್ಲಿ ಸುತ್ತಿರುತ್ತದೆ. ಆದರೆ ಕ್ವಾಂಟಂ ಪ್ರಯೋಗವನ್ನು ಸಾವಿರಾರು ಸಲ ಮಾಡಿ ಸರಾಸರಿ ತೆಗೆಯಬೇಕು. ಪ್ರತಿ ಸಲವೂ ವೇಗ ಕೂದಲೆಳೆಯಷ್ಟು ಬೇರೆ. ಮೊದಮೊದಲು ಮುಳ್ಳುಗಳೆಲ್ಲ ಗುಂಪಾಗಿರುತ್ತವೆ, ಆಮೇಲೆ ಚೆದುರಿ ಸುತ್ತಲೂ ಹರಡುತ್ತವೆ, ಸರಾಸರಿ ಸೊನ್ನೆಗಿಳಿಯುತ್ತದೆ. ವೇಗದ ಗದ್ದಲದಲ್ಲಿ ಈ ಕುಸಿತ ಆರಂಭದಿಂದಲೇ ಒಂದೇ ದರದಲ್ಲಿ ಸಾಗುತ್ತದೆ. ನಿಧಾನದ ಗದ್ದಲದಲ್ಲಿ ಮೊದಲು ಏನೂ ಆಗದಂತಿದ್ದು, ನಂತರ ಕಡಿದು ಬೀಳುತ್ತದೆ. ಪರಿಣತರು ಕುಸಿತದ ಗೆರೆಯ ಆಕಾರ ನೋಡಿಯೇ ಕಳ್ಳ ಯಾರೆಂದು ಹೇಳುವುದು ಇದರಿಂದ.

ಮೊದಲ ಅತಿವಾಹಕ ಕ್ಯೂಬಿಟ್ ಕಂಡದ್ದು ಜಪಾನಿನ ತ್ಸುಕುಬಾದಲ್ಲಿ, ಎನ್‌ಇಸಿ ಕಂಪನಿಯ ಪ್ರಯೋಗಾಲಯದಲ್ಲಿ. ಯಾಸುನೊಬು ನಕಮುರಾ, ಯೂರಿ ಪಾಷ್ಕಿನ್, ತ್ಸಾಯ್ ಜಾವ್-ಶೆನ್ ಮೂವರ ಲೇಖನ 1999ರ ಏಪ್ರಿಲ್‌ನಲ್ಲಿ ಬಂತು. ಸುಮಾರು 10 ಕೋಟಿ ಎಲೆಕ್ಟ್ರಾನುಗಳಿರುವ ಅಲ್ಯೂಮಿನಿಯಮ್ಮಿನ ಕಣ್ಣಿಗೆ ಕಾಣದ ದ್ವೀಪ. ಅದಕ್ಕೆ ಎಲೆಕ್ಟ್ರಾನುಗಳ ಒಂದು ಜೋಡಿ ಹೆಚ್ಚಾಗಿ ಬಂದಿದೆಯೇ ಇಲ್ಲವೇ ಎಂಬುದೇ 1 ಮತ್ತು 0. ಸೆಕೆಂಡಿನ ಶತಕೋಟಿ ಪಾಲಿನಲ್ಲಿ ಎರಡು ಪಾಲು, ಅಂದರೆ 2 ನ್ಯಾನೊಸೆಕೆಂಡಿನಷ್ಟು ಕಾಲ ಆ ಜೋಡಿ ಇದ್ದೂ ಇಲ್ಲದಂತೆ ಆಂದೋಲನ ಮಾಡಿತು. ದೊಡ್ಡ ವಸ್ತುವೊಂದನ್ನು ಬೇಕಾದ ಕ್ವಾಂಟಂ ಸ್ಥಿತಿಗೆ ತಿರುಗಿಸಬಹುದೆಂದು ಲೋಕಕ್ಕೆ ಗೊತ್ತಾಯಿತು. 2 ನ್ಯಾನೊಸೆಕೆಂಡಿನಲ್ಲಿ ಲೆಕ್ಕವಂತೂ ಸಾಧ್ಯವಿಲ್ಲ ಎಂದೂ ಗೊತ್ತಾಯಿತು.

ಕೊಲ್ಲುತ್ತಿರುವುದು ಏನು? ಇದನ್ನು ಪತ್ತೆ ಮಾಡಲು ನಕಮುರಾ ತಂಡ ಅರ್ಧ ಶತಮಾನ ಹಳೆಯ ಉಪಾಯವೊಂದನ್ನು ಎರವಲು ತಂದಿತು. 1949ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಅರ್ವಿನ್ ಹಾನ್ ಎಂಬ ಯುವಕ ಪರಮಾಣು ಬೀಜಗಳ ಮೇಲೆ ರೇಡಿಯೊ ಮಿಡಿತ ಹಾಯಿಸುತ್ತಿದ್ದಾಗ, ಪರದೆಯ ಮೇಲೆ ಬರಬಾರದ ಹೊತ್ತಿನಲ್ಲಿ ಒಂದು ಸಂಕೇತ ಬಂತು. ಯಂತ್ರದ ದೋಷವೆಂದುಕೊಂಡಿದ್ದು ಕೊನೆಗೆ 'ಸ್ಪಿನ್ ಪ್ರತಿಧ್ವನಿ' ಆಯಿತು. ಊರ ಗುಡಿಯಿಂದ ಜಾತ್ರೆಗೆ ಹೊರಟವರನ್ನು ನೆನೆಯಿರಿ. ಹುಡುಗರು ಮುಂದೆ, ಮುದುಕರು ಹಿಂದೆ, ಗಂಟೆಯೊಳಗೆ ಗುಂಪು ಉದ್ದಕ್ಕೂ ಚೆದುರಿರುತ್ತದೆ. ಆಗ ನಗಾರಿ ಬಾರಿಸಿ ಎಲ್ಲರೂ ಹಿಂತಿರುಗಿ ಎಂದರೆ, ಅವರವರ ನಡಿಗೆಯಲ್ಲೇ ನಡೆದು ಇನ್ನೊಂದು ಗಂಟೆಗೆ ಎಲ್ಲರೂ ಒಟ್ಟಿಗೇ ಗುಡಿ ಸೇರುತ್ತಾರೆ. ಷರತ್ತು ಒಂದೇ, ದಾರಿಯಲ್ಲಿ ಯಾರೂ ನಡಿಗೆಯ ವೇಗ ಬದಲಿಸಬಾರದು. ಅಂದರೆ ಪ್ರತಿಧ್ವನಿ ಮರಳಿ ಬಂದರೆ ಗದ್ದಲ ನಿಧಾನದ್ದು, ಬಾರದಿದ್ದರೆ ವೇಗದ್ದು. 2002ರಲ್ಲಿ ತ್ಸುಕುಬಾದಲ್ಲಿ ಕ್ಯೂಬಿಟ್ಟಿಗೆ ನಡುವೆ ನಗಾರಿ ಬಾರಿಸಿದಾಗ ಪ್ರತಿಧ್ವನಿ ಬಂತು. ಕುಸಿತದ ಬಗೆ, ಹತ್ತಿರದ ವಿದ್ಯುದಂಶಗಳು ಅಲುಗುವುದರಿಂದ ಆಗುವ 1/ಎಫ್ ಗದ್ದಲದ ಲೆಕ್ಕಕ್ಕೆ ಹೊಂದಿತು. ಕಳ್ಳನ ಗುರುತು ಸಿಕ್ಕಿತ್ತು, ಅವನು ಜಾನ್ಸನ್ 1925ರಲ್ಲಿ ಕಂಡಿದ್ದ ಹಳೆಯ ಪರಿಚಯದವನೇ.

ಈ ಕಥೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸುವ ತಿರುವು ಇಲ್ಲಿದೆ. ಕಳ್ಳನನ್ನು ಹಿಡಿಯುವ ಮೊದಲೇ ಅವನಿಗೆ ಸಿಗದಂತೆ ಬದುಕುವುದನ್ನು ಕಲಿತರು. ಅದೇ 2002ರಲ್ಲಿ ಪ್ಯಾರಿಸ್ ಬಳಿಯ ಸಾಕ್ಲೇಯಲ್ಲಿ ಡೆನಿ ವಿಯೋಂ, ಡೇನಿಯಲ್ ಎಸ್ತೇವ್, ಡೆವೊರೆ ಮತ್ತು ಜೊತೆಗಾರರು 'ಕ್ವಾಂಟ್ರೋನಿಯಂ' ಎಂಬ ಮಂಡಲ ಕಟ್ಟಿದರು. ಲೇಖಕರ ಪಟ್ಟಿಯಲ್ಲಿ ಉರ್ಬಿನಾ ಹೆಸರೂ ಇದೆ, 15 ವರ್ಷ ಹಿಂದೆ ಬರ್ಕ್ಲಿಯಲ್ಲಿ ಕಾರಣ ತಿಳಿಯದ ಗದ್ದಲವನ್ನು ಅಳೆದವರೇ. ಅವರ ಉಪಾಯ ಹೀಗೆ: ಬೆಟ್ಟದ ಇಳಿಜಾರಿನಲ್ಲಿ ನಿಂತವನು ಒಂದು ಹೆಜ್ಜೆ ತಪ್ಪಿದರೂ ಎತ್ತರ ಬದಲಾಗುತ್ತದೆ, ನೆತ್ತಿಯ ಮೇಲೆ ನಿಂತವನು ಒಂದು ಹೆಜ್ಜೆ ಅತ್ತಿತ್ತ ಸರಿದರೆ ಎತ್ತರ ಬಹುತೇಕ ಅಷ್ಟೇ ಇರುತ್ತದೆ. ಕ್ಯೂಬಿಟ್ಟಿನ ಕಂಪನಾಂಕಕ್ಕೂ ಅಂಥ ಒಂದು ಸಮತಟ್ಟು ಬಿಂದುವಿದೆ. ವಿದ್ಯುದಂಶ, ಕಾಂತಕ್ಷೇತ್ರ ಎರಡನ್ನೂ ಆ ಬಿಂದುವಿನಲ್ಲಿಟ್ಟರೆ ಗದ್ದಲ ಇದ್ದರೂ ಮುಳ್ಳಿನ ವೇಗಕ್ಕೆ ಅದು ತಟ್ಟುವುದಿಲ್ಲ. ಇಂಗ್ಲಿಷ್ ಬಲ್ಲವರು ಅದನ್ನು 'ಸ್ವೀಟ್ ಸ್ಪಾಟ್' ಎಂದು ಕರೆದರು. ಶ್ರುತಿ 0.5 ಮೈಕ್ರೋಸೆಕೆಂಡ್ ನಿಂತಿತು, ತ್ಸುಕುಬಾದ ಮೊದಲ ಪ್ರಯೋಗದ ಇನ್ನೂರೈವತ್ತು ಪಟ್ಟು. ಚಿಪ್ಪು ಶುದ್ಧವಾಗಲಿಲ್ಲ, ಗದ್ದಲ ಒಂದಿಷ್ಟೂ ಕಡಿಮೆಯಾಗಲಿಲ್ಲ. ನಿಲ್ಲುವ ಜಾಗ ಬದಲಾಯಿತು, ಅಷ್ಟೇ.

ಆ ಹೊತ್ತಿಗೆ ಸಿದ್ಧಾಂತದವರೂ ಕೈಜೋಡಿಸಿದ್ದರು. ಇಟಲಿಯ ಕಟಾನಿಯಾದಲ್ಲಿ ಎಲಿಸಬೆಟ್ಟಾ ಪಲಾದಿನೋ, ಜುಸೆಪ್ಪೆ ಫಾಲ್ಚಿ ಮತ್ತು ಸಂಗಡಿಗರು, ಗದ್ದಲದ ಸರಾಸರಿ ಬಲವೊಂದೇ ಸಾಲದು, ಯಾವ ಅಣುದೋಷ ಎಷ್ಟು ನಿಧಾನಕ್ಕೆ ಮಗ್ಗುಲು ಬದಲಿಸುತ್ತದೆ, ಪ್ರಯೋಗ ಶುರುವಾದಾಗ ಅದು ಯಾವ ಮಗ್ಗುಲಲ್ಲಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆಂದು ತೋರಿಸಿದರು. ಮಗ್ಗುಲು ಬದಲಿಸುವ ಈ ದೋಷಗಳ ಕಲ್ಪನೆಯೂ ಹಳೆಯದೇ. ಅತಿ ತಣ್ಣನೆಯ ಗಾಜು ಶಾಖವನ್ನು ವಿಚಿತ್ರವಾಗಿ ಹಿಡಿದಿಡುವುದೇಕೆ ಎಂದು ವಿವರಿಸಲು 1972ರಲ್ಲಿ ಫಿಲಿಪ್ ಆಂಡರ್ಸನ್, ಬರ್ಟ್ರಾಂಡ್ ಹ್ಯಾಲ್ಪೆರಿನ್, ನಮ್ಮ ದೇಶದಿಂದ ಹೋದ ಚಂದ್ರ ವರ್ಮ ಒಂದು ಕಡೆ, ಡಬ್ಲ್ಯೂ. ಎ. ಫಿಲಿಪ್ಸ್ ಇನ್ನೊಂದು ಕಡೆ ಅದನ್ನು ಮುಂದಿಟ್ಟಿದ್ದರು. ಅಲ್ಯೂಮಿನಿಯಂ ಆಕ್ಸೈಡ್ ಕೂಡ ಒಂದು ಬಗೆಯ ಗಾಜೇ. 2004ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಮಾರ್ಟಿನಿಸ್ ಸೇರಿದ್ದ ತಂಡ ಇಂಥ ದೋಷಗಳು ಒಂದೊಂದಾಗಿ ಕ್ಯೂಬಿಟ್ಟಿನೊಂದಿಗೆ ಶಕ್ತಿ ಹಂಚಿಕೊಳ್ಳುವುದನ್ನು ಕಂಡಿತು.

ಬೆಟ್ಟದ ನೆತ್ತಿಯ ತೊಂದರೆಯೆಂದರೆ ಅಲ್ಲೇ ನಿಂತಿರಬೇಕು. ದಾರಿತಪ್ಪಿದ ಒಂಟಿ ಎಲೆಕ್ಟ್ರಾನ್ ಒಂದು ದ್ವೀಪಕ್ಕೆ ಹಾರಿ ಬಂದರೆ ಸಾಕು, ಕ್ಯೂಬಿಟ್ ಇಳಿಜಾರಿಗೆ ಜಾರಿ ಬೀಳುತ್ತದೆ. 2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಯೆನ್ಸ್ ಕೋಖ್, ಸ್ಟೀವನ್ ಗಿರ್ವಿನ್, ರಾಬರ್ಟ್ ಶೋಲ್ಕಾಫ್, ಅಲ್ಲಿಗೆ ಬಂದು ಸೇರಿದ್ದ ಡೆವೊರೆ ಮತ್ತಿತರರು ಬೆಟ್ಟವನ್ನೇ ಕಡಿದು ಬಯಲು ಮಾಡುವ ಲೆಕ್ಕ ಹಾಕಿದರು. ಸಂಧಿಗೆ ದೊಡ್ಡ ಕೆಪಾಸಿಟರ್ ಜೋಡಿಸಿದರೆ, ದ್ವೀಪದ ಮೇಲೆ ಎಷ್ಟು ವಿದ್ಯುದಂಶವಿದೆ ಎಂಬುದು ಕಂಪನಾಂಕಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ಬೆಲೆಯೂ ಉಂಟು: ಮೆಟ್ಟಿಲುಗಳ ಅಂತರ ಬಹುತೇಕ ಸಮವಾಗುತ್ತದೆ, 0 ಮತ್ತು 1 ಮಾತ್ರ ಬಳಸುವುದು ಕಷ್ಟವಾಗುತ್ತದೆ. ಆದರೆ ಗಣಿತ ಇಲ್ಲಿ ಉದಾರವಾಗಿತ್ತು. ಗದ್ದಲದ ಕಾಟ ಘಾತೀಯವಾಗಿ ಇಳಿಯುತ್ತದೆ, ಮೆಟ್ಟಿಲುಗಳ ವ್ಯತ್ಯಾಸವಾದರೋ ಮೆಲ್ಲಗೆ ಮಾತ್ರ ಕಡಿಮೆಯಾಗುತ್ತದೆ. 'ಟ್ರಾನ್ಸ್‌ಮಾನ್' ಎಂದು ಹೆಸರಿಟ್ಟ ಈ ಕ್ಯೂಬಿಟ್ಟೇ ಇಂದು ಐಬಿಎಂ, ಗೂಗಲ್ ಇಬ್ಬರ ಯಂತ್ರಗಳಲ್ಲೂ ಇರುವುದು. ಅತಿವಾಹಕ ಕ್ಯೂಬಿಟ್‌ಗಳ ಚರಿತ್ರೆಯಲ್ಲಿ ಇಷ್ಟು ದೊಡ್ಡ ಫಲ ಕೊಟ್ಟ ಲೇಖನ ಇನ್ನೊಂದಿಲ್ಲ ಎಂದರೆ ತಪ್ಪಾಗದು.

ವಿದ್ಯುದಂಶದ ಗದ್ದಲ ಹೀಗೆ ಬದಿಗೆ ಸರಿಯಿತು. ಕಾಂತೀಯ ಗದ್ದಲ ಉಳಿಯಿತು. 2006ರಲ್ಲಿ ಫುಮಿಕಿ ಯೋಷಿಹಾರಾ, ನಕಮುರಾ ಮೊದಲಾದವರು ಉಂಗುರದ ಆಕಾರದ ಫ್ಲಕ್ಸ್ ಕ್ಯೂಬಿಟ್‌ಗಳನ್ನು ಸಮತಟ್ಟು ಬಿಂದುವಿನಿಂದ ಬೇಕೆಂದೇ ಆಚೆ ಸರಿಸಿ ಅಳೆದರು. ಸಿಕ್ಕ ಗದ್ದಲದ ಪ್ರಮಾಣ ನೋಡಿದರೆ, 1987ರಲ್ಲಿ ವೆಲ್‌ಸ್ಟುಡ್ ಬರೆದಿಟ್ಟಿದ್ದ ಅದೇ ದಶಲಕ್ಷದ ಕೆಲವು ಪಾಲು! ಸುಮಾರು 20 ವರ್ಷ ಹಾಳೆಗಳಲ್ಲಿ ಮಲಗಿದ್ದ ಪ್ರಶ್ನೆ ಎದ್ದು ಕೂತಿತು. ಮರುವರ್ಷ ರೋಜರ್ ಕೋಖ್, ಡೇವಿಡ್ ಡಿವಿನ್ಸೆಂಝೊ, ಜೊತೆಗೆ ಮತ್ತೆ ಅದೇ ಕ್ಲಾರ್ಕ್, ಒಂದು ಮಾದರಿ ಬರೆದರು. ಲೋಹದ ಮೇಲ್ಮೈಯಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನುಗಳು ಪುಟ್ಟ ಕಾಂತಗಳಂತೆ ಕೂತು ಮೆಲ್ಲಗೆ ದಿಕ್ಕು ಬದಲಿಸುತ್ತಿದ್ದರೆ ಈ ಗದ್ದಲ ಬಂದೀತು. ಸರಿಸುಮಾರು ಒಂದೂವರೆ ನ್ಯಾನೊಮೀಟರಿಗೊಂದು ಇದ್ದರೆ ಲೆಕ್ಕ ಕೂಡುತ್ತದೆ. ಇಷ್ಟೊಂದು ಕಾಂತಗಳಿದ್ದೂ ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ನಂಬದವರಿದ್ದರು. 2008ರಲ್ಲಿ ವಿಸ್ಕಾನ್ಸಿನ್‌ನ ರಾಬರ್ಟ್ ಮೆಕ್‌ಡರ್ಮಟ್ ತಂಡ ಸ್ಕ್ವಿಡ್ ಅನ್ನು ಕಾಂತಕ್ಷೇತ್ರದಲ್ಲಿಟ್ಟು ತಣಿಸಿ ಆ ಕಾಂತಗಳ ಒಟ್ಟು ಬಲವನ್ನೇ ಅಳೆಯಿತು. ಸಾಂದ್ರತೆ ಮಾದರಿ ಕೇಳಿದಷ್ಟೇ ಬಂತು. ಅವು ಒಂದೊಂದೂ ತನ್ನಷ್ಟಕ್ಕೆ ತಿರುಗುತ್ತವೆಯೇ, ಒಂದನ್ನೊಂದು ಜಗ್ಗುತ್ತವೆಯೇ ಎಂಬ ವಾದ ಅಲ್ಲಿಂದ ಶುರುವಾಯಿತು. ಲಾರಾ ಫಾವೊರೊ ಮತ್ತು ಲೆವ್ ಇಯೋಫೆ ಜಗ್ಗುತ್ತವೆ ಎಂದರು, ವಿಸ್ಕಾನ್ಸಿನ್‌ನ ಮುಂದಿನ ಅಳತೆಗಳು ಅವರ ಕಡೆಗೇ ವಾಲಿದವು.

ಯಾವ ಎಲೆಕ್ಟ್ರಾನುಗಳು ಅವು? 2016ರಲ್ಲಿ ಮೆಕ್‌ಡರ್ಮಟ್ ತಂಡದ ಉತ್ತರ ಬಂತು, ಕ್ಯಾಲಿಫೋರ್ನಿಯಾದ ಸಿದ್ಧಾಂತಿಗಳು ಹಿಂದಿನ ವರ್ಷವೇ ಊಹಿಸಿದ್ದಂತೆ: ಆಮ್ಲಜನಕ. ನಾವು ಉಸಿರಾಡುವ ಗಾಳಿಯ ಆಮ್ಲಜನಕದ ಅಣುವಿನಲ್ಲಿ ಜೊತೆಯಿಲ್ಲದ ಎರಡು ಎಲೆಕ್ಟ್ರಾನುಗಳಿವೆ. ಅದನ್ನು ದ್ರವ ಮಾಡಿ ಸುರಿದರೆ ಕಾಂತದ ಎರಡು ಧ್ರುವಗಳ ನಡುವೆ ಅಂಟಿ ನಿಲ್ಲುವುದನ್ನು ಕಾಲೇಜುಗಳಲ್ಲಿ ತೋರಿಸುತ್ತಾರೆ. ಚಿಪ್ಪನ್ನು ತಯಾರಿಸಿ, ಪೆಟ್ಟಿಗೆಯಲ್ಲಿಟ್ಟು, ಗಾಳಿ ಹೊರತೆಗೆದು ತಣಿಸುವಾಗ ಪೂರ್ತಿ ಹೊರಹೋಗದೆ ಉಳಿದ ಅಣುಗಳು ಲೋಹದ ಮೇಲೆ ಬಂದು ಕೂತಿದ್ದವು. ಮೇಲ್ಮೈಯನ್ನು ಸಂಸ್ಕರಿಸಿ, ನಿರ್ವಾತವನ್ನು ಇನ್ನಷ್ಟು ಚೊಕ್ಕ ಮಾಡಿದಾಗ ಕಾಂತಗಳೂ ಕಡಿಮೆಯಾದವು, ಗದ್ದಲವೂ ಗಣನೀಯವಾಗಿ ಇಳಿಯಿತು. 1926ರ ಶಾಟ್ಕಿಯವರ ಕರೆಯದ ಅತಿಥಿ ಇವನೇ. ಎಲ್ಲ ಕಡೆಯೂ ಆಮ್ಲಜನಕವೊಂದೇ ಅಪರಾಧಿ ಎಂದು ತೀರ್ಪು ಕೊಡುವಂತಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ತಂಡವೊಂದು ಮರುವರ್ಷ ಅಲ್ಯೂಮಿನಾದ ಮೇಲೆ ಹೈಡ್ರೋಜನ್ ಪರಮಾಣುಗಳನ್ನೂ ಗುರುತಿಸಿತು.

ಈ ನಡುವೆ ಹಾನ್ ಅವರ ನಗಾರಿಯೂ ಸುಮ್ಮನಿರಲಿಲ್ಲ. 1950ರ ದಶಕದಲ್ಲಿ ಕಾರ್, ಪರ್ಸೆಲ್, ಮೈಬೂಮ್, ಗಿಲ್ ಎಂಬ ನಾಲ್ವರು ಅದನ್ನು ಒಂದು ಸಲದ ಬದಲು ಮತ್ತೆ ಮತ್ತೆ ಬಾರಿಸುವ ಕ್ರಮ ಕಟ್ಟಿದ್ದರು. ಜನ ಹೆಚ್ಚು ಚೆದುರುವ ಮೊದಲೇ ತಿರುಗಿಸುತ್ತಿದ್ದರೆ, ನಡುವೆ ಅಲ್ಪಸ್ವಲ್ಪ ವೇಗ ಬದಲಿಸಿದವರೂ ತಪ್ಪಿಸಿಕೊಳ್ಳುವುದಿಲ್ಲ. 2011ರಲ್ಲಿ ಎಂಐಟಿಯ ಯೋನಾಸ್ ಬಿಲಾಂಡರ್, ವಿಲಿಯಂ ಆಲಿವರ್ ಮೊದಲಾದವರು, ಎನ್‌ಇಸಿಯಿಂದ ಬಂದ ಫ್ಲಕ್ಸ್ ಕ್ಯೂಬಿಟ್ ಒಂದಕ್ಕೆ 200 ಸಲ ನಗಾರಿ ಬಾರಿಸಿ ಶ್ರುತಿಯ ಆಯುಷ್ಯವನ್ನು 23 ಮೈಕ್ರೋಸೆಕೆಂಡಿಗೆ ಏರಿಸಿದರು. ಸುಮ್ಮನೆ ಬಿಟ್ಟಾಗ ಇದ್ದದ್ದರ 50 ಪಟ್ಟು. ಬಡಿತಗಳ ನಡುವಿನ ಅಂತರ ಬದಲಿಸುತ್ತ ಹೋದಂತೆ ಕ್ಯೂಬಿಟ್ ತಾನೇ ಗದ್ದಲ ಅಳೆಯುವ ಉಪಕರಣವಾಯಿತು. 1/ಎಫ್‌ನ ಇಳಿಜಾರು 20 ಮೆಗಾಹರ್ಟ್ಸ್‌ವರೆಗೂ ಹಾಗೇ ಮುಂದುವರಿದಿತ್ತು. ನಿಧಾನದ ಗದ್ದಲ ಎಂದು ನಾವು ಕರೆಯುತ್ತ ಬಂದದ್ದು ಅಷ್ಟೇನೂ ನಿಧಾನವಲ್ಲ, ಅದರ ಬಾಲ ಬಹಳ ಉದ್ದ.

ಇಷ್ಟಾದರೂ ಕ್ವಾಂಟಂ ಕಂಪ್ಯೂಟರ್ ಸಾಧ್ಯವೆಂದು ಎಲ್ಲರೂ ಒಪ್ಪಿದರು ಎನ್ನಲಾಗದು. ತಪ್ಪುಗಳನ್ನು ತಿದ್ದಿಕೊಳ್ಳುವ ಕ್ವಾಂಟಂ ಸಂಕೇತಗಳ ಸರಳ ಲೆಕ್ಕಗಳು, ಈ ಕ್ಷಣದ ತಪ್ಪಿಗೂ ಮುಂದಿನ ಕ್ಷಣದ ತಪ್ಪಿಗೂ ಸಂಬಂಧವಿಲ್ಲ ಎಂದು ಹಿಡಿದುಕೊಳ್ಳುತ್ತವೆ. ನಿಧಾನದ ಗದ್ದಲಕ್ಕಾದರೋ ನೆನಪಿನ ಶಕ್ತಿಯಿದೆ. ಮಿಖಾಯಿಲ್ ದ್ಯಾಕೊನೊವ್ ಅವರಂಥ ಭೌತವಿಜ್ಞಾನಿಗಳು ಇಂಥ ಊಹೆಗಳೆಲ್ಲ ಕಾಗದದ ಮೇಲಿನ ಹುಲಿ ಎಂಬ ಧಾಟಿಯಲ್ಲೇ ವಾದಿಸಿದ್ದಾರೆ. ಡೋರಿಟ್ ಅಹರೊನೊವ್, ಅಲೆಕ್ಸಿ ಕಿಟಾಯೆವ್, ಜಾನ್ ಪ್ರೆಸ್ಕಿಲ್ 2006ರಲ್ಲೇ, ನೆನಪುಳ್ಳ ಗದ್ದಲದಲ್ಲೂ ಕೆಲವು ಮಿತಿಗಳೊಳಗೆ ತಿದ್ದುಪಡಿ ಸಾಧ್ಯವೆಂದು ಗಣಿತದಿಂದ ತೋರಿಸಿದ್ದರು. ಮಗ್ಗುಲು ಬದಲಿಸುವ ದೋಷಗಳು ಈಗ ಇನ್ನೊಂದು ವೇಷದಲ್ಲಿ ಕಾಡುತ್ತಿವೆ. ಬೆಳಿಗ್ಗೆ ಚೆನ್ನಾಗಿದ್ದ ಕ್ಯೂಬಿಟ್ ಮಧ್ಯಾಹ್ನ ಹದಗೆಡುತ್ತದೆ, ಸಂಜೆ ಮತ್ತೆ ಸರಿಹೋಗುತ್ತದೆ; ಗೂಗಲ್ ತಂಡ 2018ರಲ್ಲಿ ಇದನ್ನು ದಾಖಲಿಸಿತು. ಯಂತ್ರವನ್ನು ಆಗಾಗ ಮತ್ತೆ ಶ್ರುತಿ ಮಾಡುತ್ತಲೇ ಇರಬೇಕು, ಕಚೇರಿಯ ನಡುವೆ ತಂಬೂರಿಯ ಮಣಿ ಸರಿಸುವಂತೆ.

2025ರ ಅಕ್ಟೋಬರ್ 7ರಂದು ಭೌತವಿಜ್ಞಾನದ ನೊಬೆಲ್ ಬಹುಮಾನ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಮೂವರಿಗೆ ಬಂತು. ವಿದ್ಯುತ್ ಮಂಡಲದಲ್ಲಿ ಕ್ವಾಂಟಂ ತೂರುವಿಕೆ ಮತ್ತು ಶಕ್ತಿಯ ಮೆಟ್ಟಿಲುಗಳನ್ನು ತೋರಿಸಿದ್ದಕ್ಕೆ, 1984-85ರ ಕೆಲಸಕ್ಕೆ. ರೇಡಿಯೊದ ಸಂಗೀತವನ್ನಾಗಲಿ 1987ರ ಉತ್ತರವಿಲ್ಲದ ಲೇಖನವನ್ನಾಗಲಿ ಪ್ರಶಸ್ತಿಯ ಒಕ್ಕಣೆ ಹೆಸರಿಸುವುದಿಲ್ಲ. ಅದಕ್ಕೆ ಹತ್ತು ತಿಂಗಳ ಹಿಂದೆ ಗೂಗಲ್ ತನ್ನ ವಿಲ್ಲೋ ಚಿಪ್ಪಿನ ಲೇಖನದಲ್ಲಿ ಕ್ಯೂಬಿಟ್‌ಗಳ ಶ್ರುತಿ ನಿಲ್ಲುವ ಸರಾಸರಿ ಕಾಲವನ್ನು 89 ಮೈಕ್ರೋಸೆಕೆಂಡ್ ಎಂದು ಕೊಟ್ಟಿತ್ತು, ತ್ಸುಕುಬಾದ ಮೊದಲ ಆಂದೋಲನದ 40 ಸಾವಿರ ಪಟ್ಟಿಗೂ ಹೆಚ್ಚು. ಅದು ಸುಮ್ಮನೆ ಬಿಟ್ಟ ಕ್ಯೂಬಿಟ್ಟಿನ ಆಯುಷ್ಯವಲ್ಲ, ಮತ್ತೆ ಮತ್ತೆ ನಗಾರಿ ಬಾರಿಸಿ ಅಳೆದದ್ದು. ಅಳತೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿಪಿಎಂಜಿ ಎಂದು ಬರೆದಿದೆ: ಕಾರ್, ಪರ್ಸೆಲ್, ಮೈಬೂಮ್, ಗಿಲ್.